ಕಿಟ್ಟೆಲರ ಶೋಧನೆ

ಹಳಗನ್ನಡದ ಒಂದು ಪದಕ್ಕೆ ಅರ್ಥ ತೋಚದೆ ಹೋದಾಗ ಕಿಟ್ಟೆಲರನ್ನು ನೋಡು ಎಂದು ಶಿಷ್ಯನಿಗೆ ಹೇಳುವುದು ನಮ್ಮ ಉಪಾಧ್ಯಾಯವರ್ಗದ ಹಳೆಯ ರೂಢಿ. ಹೀಗೆ ಹೇಳಿ ಹೇಳಿ ಆ ಹೆಸರು ಒಂದು ಪುಸ್ತಕದ ಹೆಸರಾಗಿಯೇ ಉಳಿದು, ಅದನ್ನು ಹೊತ್ತಿದ್ದ ಮನುಷ್ಯನು ಮರೆಯಾಗಿಬಿಟ್ಟಿದ್ದಾನೆ. ಕಲ್ಯಾಣ ಸೀಮೆಯ ಮುಡಬಿಯಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದ ನನಗೂ ಅವರು ಮೊದಲು ಒಂದು ದಪ್ಪ ಗ್ರಂಥವಾಗಿದ್ದರು. ಮನುಷ್ಯರಾಗಿ ಕಂಡುದು ತಡವಾಗಿ. ಅವರು ನಿಘಂಟು ಬರೆಯಲೆಂದು ಕನ್ನಡ ನಾಡಿಗೆ ಬಂದವರಲ್ಲ. ದೇವರು ಮನುಷ್ಯನಾದನೆಂಬ ಒಂದು ನಂಬಿಕೆಯನ್ನು ಹೊತ್ತು ಬಂದರು. ಆ ನಂಬಿಕೆಯನ್ನು ಬಿಟ್ಟು ನೋಡಿದರೆ ಅವರ ಬಾಳೂ ಅರ್ಥವಾಗದು, ಅವರ ನಿಘಂಟೂ ಅರ್ಥವಾಗದು ಎಂದು ನನ್ನ ಎಣಿಕೆ.

ಫರ್ಡಿನಂಡ್ ಕಿಟ್ಟೆಲರು ಹುಟ್ಟಿದುದು 1832ರ ಏಪ್ರಿಲಿನಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್ಲೆಂಡ್ ಪ್ರಾಂತದ ರೆಸ್ಟರ್‌ಹಾಫ ಎಂಬ ಗ್ರಾಮದಲ್ಲಿ. ತಂದೆ ಕ್ರೈಸ್ತ ಸಭೆಯ ಪಾದ್ರಿ. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಬಾಲ್ಯದಿಂದಲೇ ಪರಿಶ್ರಮ ದೊರೆಯಿತು. 1850ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿದರು; ಮೂರು ವರ್ಷಗಳ ಬಳಿಕ, ಇಪ್ಪತ್ತೊಂದರ ಪ್ರಾಯದಲ್ಲಿ, ಭಾರತಕ್ಕೆ ಬಂದಿಳಿದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1834ರಲ್ಲಿಯೇ ನೆಲೆಯೂರಿತ್ತು. ಮಂಗಳೂರು, ಧಾರವಾಡ, ಮಡಿಕೇರಿ—ಈ ಊರುಗಳ ನಡುವೆ ಅವರ ಆಯುಷ್ಯದ ಉತ್ತಮ ಭಾಗವು ಸವೆಯಿತು.

ಬಂದ ಹೊಸತರಲ್ಲಿ ಈ ತರುಣನ ತಲೆಯಲ್ಲಿ ಒಂದೇ ವಿಚಾರ. ಸಂತ ಪೌಲನು ತಾನು ಯೆಹೂದ್ಯರಿಗೆ ಯೆಹೂದ್ಯನಂತೆಯೂ ಇತರರಿಗೆ ಇತರರಂತೆಯೂ ಆದೆನೆಂದು ತನ್ನ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನಷ್ಟೆ. ಅದನ್ನು ಕಿಟ್ಟೆಲರು ಅಕ್ಷರಶಃ ಹಿಡಿದರು. ಭಾರತೀಯರಿಗೆ ಭಾರತೀಯನಾಗಬೇಕು, ಬಂಗಲೆಯಲ್ಲಿ ಕುಳಿತು ಬೋಧಿಸಿದರೆ ಆಗದು ಎಂದು ಹಳ್ಳಿಯಿಂದ ಹಳ್ಳಿಗೆ ಕಾಲುನಡಿಗೆಯಲ್ಲಿ ತಿರುಗಿದರು, ಜನರ ನಡುವೆ ಕುಳಿತು ಅವರ ಮಾತು ಕಲಿತರು. ಹಿರಿಯ ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲ. ಹುಡುಗಾಟವೆಂದರು ಕೆಲವರು, ಅವಿಧೇಯತೆಯೆಂದರು ಕೆಲವರು. ಸಂಸ್ಥೆಗಳ ಸ್ವಭಾವವೇ ಹಾಗೆ. ಧರ್ಮಸಂಸ್ಥೆಗಳದು ಇನ್ನೂ ಸ್ವಲ್ಪ ಹೆಚ್ಚು. ಮಿಷನ್ನಿನ ಒಳವಲಯದಲ್ಲಿ ಅವರು ಬಹುಕಾಲ ಒಂಟಿಯಾಗಿಯೇ ಉಳಿದರು.

ಆ ತರುಣನ ಹಟದ ಹಿಂದೆ ಇದ್ದುದು ಒಂದು ತತ್ತ್ವ. ಅದನ್ನು ಇಲ್ಲಿ ಬಿಡಿಸಿ ಹೇಳದೆ ನಿರ್ವಾಹವಿಲ್ಲ. ಯೇಸುವು ಪೂರ್ಣ ದೇವನೂ ಹೌದು, ಪೂರ್ಣ ಮಾನವನೂ ಹೌದು ಎಂಬುದು ಕ್ರೈಸ್ತ ಮತದ ನಡುಗಂಬ. ಕ್ರಿ.ಶ. 451ರಲ್ಲಿ ಖಾಲ್ಸೆಡಾನ್ ನಗರದಲ್ಲಿ ನೆರೆದ ಧರ್ಮಪರಿಷತ್ತು ಇದನ್ನು ಸೂತ್ರವಾಗಿ ನಿರ್ಣಯಿಸಿತು: ಎರಡು ಸ್ವಭಾವಗಳು, ಒಬ್ಬನೇ ವ್ಯಕ್ತಿ, ಒಂದು ಮತ್ತೊಂದರಲ್ಲಿ ಕರಗಿಹೋಗುವುದಿಲ್ಲ, ಒಂದನ್ನು ಬಿಟ್ಟು ಮತ್ತೊಂದು ನಿಲ್ಲುವುದೂ ಇಲ್ಲ. ಸೂತ್ರವೇನೋ ಸುಂದರ. ಆದರೆ ಸುವಾರ್ತೆಯ ಒಂದು ಪ್ರಸಂಗದಲ್ಲಿ ಈ ಸೂತ್ರವೇ ಪರೀಕ್ಷೆಗೆ ಬೀಳುತ್ತದೆ. ಯೋಹಾನನಿಂದ ದೀಕ್ಷಾಸ್ನಾನ ಪಡೆದ ಯೇಸು ಅಡವಿಗೆ ಹೋಗಿ ನಲವತ್ತು ದಿನ ಉಪವಾಸವಿರುತ್ತಾನೆ; ಹಸಿಯುತ್ತಾನೆ. ಆಗ ಸೈತಾನನು ಬಂದು ಕಲ್ಲುಗಳನ್ನು ರೊಟ್ಟಿಯಾಗಿ ಮಾಡಿಕೋ ಎನ್ನುತ್ತಾನೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುವರು ಎನ್ನುತ್ತಾನೆ. ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲ ನಿನ್ನವು ಎನ್ನುತ್ತಾನೆ. ಮತ್ತಾಯನು ಹೇಳುವ ಕ್ರಮವಿದು. ಲೂಕನಲ್ಲಿ ಕಡೆಯ ಎರಡು ಹಿಂದುಮುಂದಾಗಿವೆ. ಯೇಸು ಮೂರನ್ನೂ ಪವಾಡದಿಂದಲ್ಲ, ಧರ್ಮೋಪದೇಶಕಾಂಡದ ಮಾತುಗಳಿಂದ, ಯಾವ ಬಡ ಯೆಹೂದ್ಯನ ಬಾಯಲ್ಲಾದರೂ ಇರಬಹುದಾದ ಮಾತುಗಳಿಂದ, ತಳ್ಳಿಹಾಕುತ್ತಾನೆ.

ದೇವರಾದವನಿಗೆ ಪ್ರಲೋಭನೆಯೆಲ್ಲಿಯದು? ಪ್ರಲೋಭನೆಯೇ ಇಲ್ಲದ ಮೇಲೆ ಗೆಲುವೆಲ್ಲಿಯದು? ಇಷ್ಟು ಸಾವಿರ ಪುಟಗಳ ದೇವಶಾಸ್ತ್ರ ಬೆಳೆದುದು ಈ ಎರಡು ಪ್ರಶ್ನೆಗಳ ನಡುವೆ. ಹೀಬ್ರೂಗಳಿಗೆ ಬರೆದ ಪತ್ರಿಕೆಯು ಧೈರ್ಯದ ಉತ್ತರವನ್ನು ಕೊಡುತ್ತದೆ: ಆತನು ನಮ್ಮ ಹಾಗೆಯೇ ಎಲ್ಲ ವಿಧದಲ್ಲಿಯೂ ಶೋಧಿತನಾದನು, ಪಾಪಕ್ಕೆ ಮಾತ್ರ ಒಳಗಾಗಲಿಲ್ಲ, ಆದುದರಿಂದಲೇ ನಮ್ಮ ದೌರ್ಬಲ್ಯಕ್ಕೆ ಮರುಗಬಲ್ಲನು ಎಂಬುದು ಅದರ ತಾತ್ಪರ್ಯ. ಕನ್ನಡ ಬೈಬಲ್ಲಿನವರು ಇಲ್ಲಿ ಶೋಧನೆ ಎಂಬ ಪದವನ್ನು ಆರಿಸಿಕೊಂಡರು. ಇದು ಬಹಳ ಒಳ್ಳೆಯ ಆಯ್ಕೆಯೆಂದು ನನಗೆ ತೋರುತ್ತದೆ. ಆಸೆ ತೋರಿಸಿ ಸೆಳೆಯುವುದೂ, ಸೋಸಿ ಒರೆಗೆ ಹಚ್ಚಿ ನೋಡುವುದೂ ಈ ಒಂದೇ ಮಾತಿನಲ್ಲಿ ಅಡಗಿವೆ.

ಕಲ್ಯಾಣದ ನೆರೆಯವರಾದ ನಮಗೆ ಈ ಕಥೆ ಕೇಳಿದೊಡನೆ ಅಲ್ಲಮಪ್ರಭುವಿನ ನೆನಪಾಗದೆ ಇರದು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮಾಯೆ ಅಲ್ಲಮನನ್ನು ಒಲಿಸಿಕೊಳ್ಳಲು ಪಡಬಾರದ ಪಾಡು ಪಡುತ್ತಾಳೆ. ಅವನು ಮದ್ದಳೆ ಬಾರಿಸುತ್ತ ಅವಳೆದುರಿಗೇ ಇದ್ದರೂ ಅವಳ ಕೈಗೆ ಸಿಕ್ಕುವುದಿಲ್ಲ. ಅಲ್ಲಿ ಅಲ್ಲಮನು ಸಾಕ್ಷಾತ್ ಪರವಸ್ತು. ಆಸೆಯ ನೆರಳೂ ಅವನನ್ನು ತಾಕದು. ಇದಕ್ಕೂ ಮೊದಲೇ ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳಿದ ಕಥೆ ಬೇರೆ. ಅಲ್ಲಿ ಅಲ್ಲಮನು ಕಮಲತೆಯೆಂಬ ಹೆಣ್ಣನ್ನು ಒಲಿದು ಕೂಡಿ, ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆದು, ಕೊನೆಗೆ ಅನಿಮಿಷಯ್ಯನ ಬಳಿ ಬರುತ್ತಾನೆ. ಚಾಮರಸನ ಅಲ್ಲಮನನ್ನು ಕಂಡು ಕೈಮುಗಿಯುತ್ತೇವೆ; ಹರಿಹರನ ಅಲ್ಲಮನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತೇವೆ. ಕ್ರೈಸ್ತರು ಈ ಎರಡನ್ನೂ ಒಬ್ಬನಲ್ಲಿಯೇ ಬಯಸುತ್ತಾರೆ. ಸೋಲದವನಾಗಿರಬೇಕು, ಆದರೆ ಹಸಿವು ನಿಜವಾದ ಹಸಿವಾಗಿರಬೇಕು. ಅವರ ತತ್ತ್ವದ ಕಷ್ಟವೂ ಅದೇ, ಆಕರ್ಷಣೆಯೂ ಅದೇ.

ಕಿಟ್ಟೆಲರ ಹಾದಿಗೆ ಮರಳೋಣ. ದೇವರು ಮನುಷ್ಯರ ಮೈಯನ್ನು ತೊಟ್ಟು ಬಂದುದು ನಿಜವಾದರೆ, ಅವನ ಕಥೆಯು ಕನ್ನಡಕ್ಕೆ ಬರುವಾಗ ಕನ್ನಡದ ಮೈಯನ್ನೇ ತೊಡಬೇಕಲ್ಲವೆ? ಮಿಷನ್ನಿನ ಪ್ರಾರ್ಥನಾಗೃಹಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಕೂಡಿಸಿ ಹಾಡುತ್ತಿದ್ದ ಕಾಲದಲ್ಲಿ ಅವರು ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ ರಚಿಸಿ 1862ರಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಕವಿತೆಯ ದೃಷ್ಟಿಯಿಂದ ಅದು ಮಹಾಕೃತಿಯಲ್ಲ. ಆದರೂ ಹೊರನಾಡಿನವನೊಬ್ಬನು ನಾಡಿಗೆ ಬಂದ ಒಂಬತ್ತು ವರ್ಷಗಳಲ್ಲಿ ನಮ್ಮ ಮಾತ್ರೆ ಗಣಗಳನ್ನು ಕಿವಿಗೆ ಹಿಡಿಸಿಕೊಂಡು ಪದ್ಯ ಕಟ್ಟಿದುದು ಸೋಜಿಗವೇ ಸರಿ. ಛಂದಸ್ಸಿನ ಈ ಗೀಳು ಮುಂದೆ 1875ರಲ್ಲಿ ನಾಗವರ್ಮನ ಛಂದೋಂಬುಧಿಯ ಸಂಪಾದನೆಯಾಗಿ ಫಲಿಸಿತು.

ಮನೆಯ ಕಡೆಯಿಂದ ಬಂದ ಶೋಧನೆ ಬೇರೆ. 1860ರಲ್ಲಿ ಕೈಹಿಡಿದ ಪೌಲಿನಾ ಐತ್ ನಾಲ್ಕೇ ವರ್ಷಗಳಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಬಳಿಕ ಆಕೆಯ ತಂಗಿ ಯೂಲಿಯಾಳನ್ನು ಮದುವೆಯಾದರು. ನಮ್ಮ ಕರಾವಳಿಯ ಜ್ವರಕ್ಕೆ ಬಲಿಯಾದ ಮಿಷನರಿ ಕುಟುಂಬಗಳೆಷ್ಟೋ. ಹಿಂದಿರುಗಿ ಹೋಗಿ ತಂದೆಯಂತೆ ಒಂದು ಗ್ರಾಮದ ಪಾದ್ರಿಯಾಗಿ ನೆಮ್ಮದಿಯಿಂದ ಬಾಳುವುದು ಅವರಿಗೆ ಸಾಧ್ಯವಿತ್ತು.

ಆದರೆ ಅವರನ್ನು ಬಿಡದೆ ಹಿಂಬಾಲಿಸಿದ ಶೋಧನೆ ಯಾವುದೆಂದು ಕೇಳಿದರೆ, ಮಿಷನ್ನಿನವರು ಕೊಡುತ್ತಿದ್ದ ಉತ್ತರವನ್ನು ಊಹಿಸುವುದು ಕಷ್ಟವಲ್ಲ: ಕನ್ನಡವೇ! ಆತ್ಮಗಳ ಉದ್ಧಾರಕ್ಕೆಂದು ಕಳುಹಿಸಲ್ಪಟ್ಟವನು ಓಲೆಯ ಕಟ್ಟುಗಳನ್ನು ಬಿಚ್ಚಿಕೊಂಡು ಕುಳಿತರೆ ಅದು ಕರ್ತವ್ಯದಿಂದ ಜಾರಿದ ಹಾಗಲ್ಲವೆ? ಈ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಪ್ರಚಾರಕರಾಗಿ ಕಿಟ್ಟೆಲರು ಹೆಸರು ಗಳಿಸಲಿಲ್ಲ. ಅವರ ಸಮಯವನ್ನು ನುಂಗಿದುದು ಶಬ್ದಮಣಿದರ್ಪಣ, ಗಾದೆಗಳು, ಬೇರುಪದಗಳು. ಪುಸ್ತಕದ ಹುಚ್ಚೂ ಒಂದು ಆಸೆಯೇ. ಕೀರ್ತಿಯ ಆಸೆ ಅದರ ಬೆನ್ನಿಗೇ ಬರುತ್ತದೆ. ತಾವು ಸೋತುದೋ ಗೆದ್ದುದೋ ಎಂದು ಅವರು ತಮ್ಮನ್ನು ತಾವೇ ಎಷ್ಟು ಸಲ ಕೇಳಿಕೊಂಡಿರಬಹುದು!

ಈ ಹಾದಿಯಲ್ಲಿ ಅವರಿಗಿಂತ ಮೊದಲು ನಡೆದವರು ಹೆರ್ಮನ್ ಮೊಗ್ಲಿಂಗರು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಈ ಮಹನೀಯರು 1848ರಿಂದ 1853ರ ವರೆಗೆ ಕನ್ನಡ ಕಾವ್ಯಗಳ ಮಾಲೆಯೊಂದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಭೀಮಕವಿಯ ಬಸವಪುರಾಣ ಅದರಲ್ಲಿತ್ತು. ಇದು ಎಂಥ ವಿಚಿತ್ರ ಸಂಗತಿ! ಕಲ್ಯಾಣದ ಬಸವಣ್ಣನವರ ಚರಿತೆಯು ಅಚ್ಚಾಗಿ ಹೊರಬಂದುದು ಕ್ರೈಸ್ತ ಮಿಷನ್ನಿನ ಯಂತ್ರದಿಂದ, ಅದೂ ದೂರದ ಕರಾವಳಿಯಲ್ಲಿ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲ್ಯಾಣದಲ್ಲಲ್ಲ. ಕನ್ನಡಕ್ಕೊಂದು ದೊಡ್ಡ ನಿಘಂಟು ಆಗಬೇಕೆಂಬ ಪ್ರಯತ್ನದಲ್ಲಿಯೂ ಮೊಗ್ಲಿಂಗರು ಸ್ವದೇಶಕ್ಕೆ ಮರಳಿದ ಮೇಲೆ ಕಿಟ್ಟೆಲರಿಗೆ ಬೆಂಬಲವಾದರು.

1872ರ ಸುಮಾರಿಗೆ ಹಿಡಿದ ಆ ಕೆಲಸ ಮುಗಿಯಲು ಇಪ್ಪತ್ತು ವರ್ಷಗಳು ಬೇಕಾದುವು. ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ಕೋಶವು 1832ರಲ್ಲಿಯೇ ಬಂದಿತ್ತು. ಕಿಟ್ಟೆಲರಿಗೆ ಅಷ್ಟು ಸಾಲದಾಯಿತು. ಪದಕ್ಕೆ ಅರ್ಥ ಹೇಳಿದರೆ ಮುಗಿಯಲಿಲ್ಲ. ಅದನ್ನು ಯಾವ ಕವಿ ಎಲ್ಲಿ ಬಳಸಿದ್ದಾನೆ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಬಳಗದವರು ಯಾರು, ಹಳ್ಳಿಯವರು ಅದನ್ನು ಯಾವ ಗಾದೆಯಲ್ಲಿ ಹೆಣೆದಿದ್ದಾರೆ ಎಂಬುದೆಲ್ಲ ಬೇಕು. ಬಸವಪುರಾಣದಿಂದ, ಜೈಮಿನಿ ಭಾರತದಿಂದ, ದಾಸರ ಪದಗಳಿಂದ ಉದಾಹರಣೆಗಳನ್ನು ಆಯ್ದರು. ಕನ್ನಡ ಪಂಡಿತರು ಜೊತೆಗೆ ಕುಳಿತು ನೆರವಾದರು. 1877ರಲ್ಲಿ ಕಿಟ್ಟೆಲರು ಜರ್ಮನಿಗೆ ಹೋದಾಗ ಚೀಟಿಗಳ ರಾಶಿಯೂ ಜೊತೆಗೆ ಹೋಯಿತು. ಅಲ್ಲಿ ಕುಳಿತು ಇದು ಆಗದ ಕೆಲಸವೆಂದು ಅರಿತು, ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. ಪುಸ್ತಕಗಳಲ್ಲಿ ಇಲ್ಲದುದು ಜನರ ನಾಲಗೆಯಲ್ಲಿತ್ತು. ಅಲ್ಲಿಗೇ ಹೋಗಿ ಕೇಳಬೇಕಾಗಿತ್ತು.

ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ವೇದಕಾಲದ ಯಜ್ಞಕ್ಕೆ ಕ್ರಿಸ್ತನ ಬಲಿದಾನದಲ್ಲಿ ಪೂರ್ಣತೆಯೆಂದು ಅವರು ಕಂಡರು. ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿ ಜರ್ಮನಿನಲ್ಲಿ ಪ್ರಬಂಧ ಬರೆದರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವ ಶರಣನ ಅನುಭವ ಆ ಬಗೆಯ ವಿದ್ವತ್ತಿಗೆ ನಿಲುಕುವಂಥದಲ್ಲ. ನಮ್ಮ ಧರ್ಮಗಳು ಸತ್ಯದ ಹೊಸ್ತಿಲವರೆಗೆ ಮಾತ್ರ ಬಂದಿವೆಯೆಂಬ ಎಣಿಕೆಯನ್ನು ಅವರು ಬಿಡಲಿಲ್ಲ. ಒಪ್ಪದ ಮತದ ಮಾತನ್ನು ಮಾತ್ರ ಅವರು ತಿರುಚಲಿಲ್ಲ. ಶೈವ ಪದಕ್ಕೆ ಶೈವರು ಕೊಡುವ ಅರ್ಥ, ವೈಷ್ಣವ ಪದಕ್ಕೆ ವೈಷ್ಣವರು ಕೊಡುವ ಅರ್ಥ. ನಿಘಂಟುಕಾರನಿಗೆ ಬರುವ ದೊಡ್ಡ ಪ್ರಲೋಭನೆಯೆಂದರೆ ಅರ್ಥದಲ್ಲಿ ತನ್ನ ತೀರ್ಪನ್ನು ಬೆರೆಸುವುದು. ಸಾವಿರದ ಏಳುನೂರಕ್ಕೂ ಹೆಚ್ಚಿನ ಪುಟಗಳಲ್ಲಿ ಆ ಅವಕಾಶ ಸಾವಿರ ಸಲ ಒದಗಿರಬೇಕು. ನಾನು ತಿರುವಿದ ಮಟ್ಟಿಗೆ ಅವರು ಅದಕ್ಕೆ ಕೈಯೊಡ್ಡಿದುದು ಕಾಣಲಿಲ್ಲ. ಅವರ ದೇವಶಾಸ್ತ್ರಕ್ಕಿಂತ ಈ ಸಂಯಮದಲ್ಲಿಯೇ ನನಗೆ ಅವರ ಕ್ರಿಸ್ತಭಕ್ತಿ ಹೆಚ್ಚಾಗಿ ಕಾಣುತ್ತದೆ.

1892ರಲ್ಲಿ ಅವರು ಕೊನೆಯ ಸಲ ಭಾರತವನ್ನು ಬಿಟ್ಟರು. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯಿತ್ತು ಗೌರವಿಸಿತು. ಆಗಲೂ ಅವರು ಸುಮ್ಮನೆ ಕೂಡಲಿಲ್ಲ. ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು 1903ರಲ್ಲಿ ಹೊರತಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಬಾಸೆಲ್ ಮಿಷನ್ನಿನವರ ಕಾರ್ಯಕ್ಷೇತ್ರ ನಮ್ಮ ಬೀದರ ಸೀಮೆಯವರೆಗೆ ಚಾಚಲಿಲ್ಲ. ಇಲ್ಲಿಗೆ ಬಂದವರು ಅಮೆರಿಕದ ಮೆಥೊಡಿಸ್ಟರು. ಕಿಟ್ಟೆಲರ ಗ್ರಂಥವೂ ನಮ್ಮ ಕಡೆಗೆ ಬರಲು ತಡವಾಯಿತು. ಉರ್ದು ಮರಾಠಿಗಳ ನಡುವೆ ಕನ್ನಡವು ಮನೆಯ ಮಾತಾಗಿ ಉಳಿದಿದ್ದ ಸೀಮೆ ಇದು. 1956ರ ನಂತರವೇ ಇಲ್ಲಿನ ಶಾಲೆಗಳಲ್ಲಿ ಅದು ತಲೆಯೆತ್ತಿತು. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸು ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ಹೊರತಂದ ನಾಲ್ಕು ಸಂಪುಟಗಳೇ ನನ್ನ ಬಳಿ ಇರುವುವು. ಅವುಗಳನ್ನು ಎರವಲು ಕೇಳಿಕೊಂಡು ಬರುವವರಲ್ಲಿ ವಚನಗಳ ಅರ್ಥಕ್ಕೆಂದು ಬರುವ ಮಠದ ವಿದ್ಯಾರ್ಥಿಗಳೂ ಇದ್ದಾರೆ, ಭಾನುವಾರದ ಉಪದೇಶಕ್ಕೆಂದು ಬರುವ ಒಬ್ಬ ಪಾದ್ರಿಗಳೂ ಇದ್ದಾರೆ. ಮೂರನೆಯ ಸಂಪುಟದ ರಟ್ಟು ಕಿತ್ತುಹೋಗಿದೆ.