ಈರೋಡಿನಲ್ಲಿ ಜನಿಸಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್

ತಾಳವಾಡಿಯಿಂದ ದಿಂಬಂ ಘಟ್ಟವನ್ನಿಳಿದು, ಸತ್ಯಮಂಗಲದ ಮಾರ್ಗವಾಗಿ ಈರೋಡಿಗೆ ಹೋಗಿಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಜಗದ್ವಿಖ್ಯಾತ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ೧೮೮೭ನೆಯ ಡಿಸೆಂಬರ್ ೨೨ರಂದು ಆ ಊರಿನಲ್ಲಿಯೇ, ತಾಯಿಯ ತವರುಮನೆಯಲ್ಲಿ ಜನಿಸಿದರೆಂಬುದು ಕಚೇರಿ ಸಂತೆಗಳ ಗಡಿಬಿಡಿಯಲ್ಲಿ ನೆನಪಿಗೆ ಬರುವುದು ವಿರಳ. ಅಂದು ಈರೋಡೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು.

ತಂದೆ ಕುಂಭಕೋಣದ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ಬಾಲಕನು ಬೆಳೆದುದೂ ಅಲ್ಲಿಯೇ. ಗಣಿತದ ಹೊರತು ಬೇರಾವ ವಿಷಯವೂ ಮನಸ್ಸಿಗೆ ಹಿಡಿಸದೆ ಕಾಲೇಜಿನ ವಿದ್ಯಾರ್ಥಿವೇತನ ಕೈತಪ್ಪಿತು, ಎಫ್.ಎ. ಪರೀಕ್ಷೆಯೂ ದಕ್ಕಲಿಲ್ಲ. ಕಾಗದ ಕೊಳ್ಳಲು ಹಣವಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನು ಮಾತ್ರ ಪುಸ್ತಕಕ್ಕೆ ಇಳಿಸುತ್ತಿದ್ದರು. ಸಾಧನೆಯ ಹಂತಗಳು ಅಳಿಸಿಹೋಗುತ್ತಿದ್ದವು. ೧೯೧೨ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ ೩೦ ರೂಪಾಯಿಯ ಗುಮಾಸ್ತಗಿರಿ ದೊರೆಯಿತು. ಮರುವರ್ಷ ಇಂಗ್ಲೆಂಡಿನ ಪ್ರೊಫೆಸರ್ ಹಾರ್ಡಿಯವರಿಗೆ ಪತ್ರ ಬರೆದರು. ೧೯೧೪ರಲ್ಲಿ ಕೇಂಬ್ರಿಜ್ ಸೇರಿದರು.

ಬಾಡಿಗೆ ಕಾರಿನ ೧೭೨೯ ಎಂಬ ಸಂಖ್ಯೆಯ ಕಥೆ ಮನೆಮಾತಾಗಿದೆ. ಆದರೆ ಈ ಮಹನೀಯರ ಹಿರಿಮೆಗೆ ಅದಕ್ಕಿಂತ ಬಹು ದೊಡ್ಡದಾದ ಮತ್ತೊಂದು ಸಂಖ್ಯೆಯೇ ತಕ್ಕ ಸಾಕ್ಷಿಯೆಂದು ನಮ್ಮ ಭಾವನೆ. ನಾಲ್ಕು ಹುಣಿಸೆಬೀಜಗಳನ್ನು ಗುಂಪುಮಾಡುವುದು ಎಷ್ಟು ವಿಧ? ನಾಲ್ಕೂ ಒಟ್ಟಿಗೆ, ಮೂರು ಮತ್ತು ಒಂದು, ಎರಡೆರಡು, ಎರಡು, ಒಂದು, ಒಂದು, ಎಲ್ಲವೂ ಬಿಡಿಬಿಡಿ. ಹೀಗೆ ಐದು. ಹತ್ತು ಬೀಜಗಳಿಗೆ ೪೨ ವಿಧ. ಇನ್ನೂರಕ್ಕೆ? ೩೯,೭೨,೯೯,೯೦,೨೯,೩೮೮! ಮೂರು ಲಕ್ಷ ತೊಂಬತ್ತೇಳು ಸಾವಿರ ಕೋಟಿಗೂ ಮೇಲೆ. ಮ್ಯಾಕ್‌ಮಹೋನ್ ಎಂಬ ಗಣಿತಜ್ಞರು ಒಂದರಿಂದ ಮೊದಲ್ಗೊಂಡು ಇನ್ನೂರರವರೆಗೆ ಹಂತಹಂತವಾಗಿ ಕೈಲೆಕ್ಕ ಹಾಕಿ ಇದನ್ನು ಕಂಡುಹಿಡಿದರು. ರಾಮಾನುಜನ್ ಮತ್ತು ಹಾರ್ಡಿಯವರು ೧೯೧೮ರಲ್ಲಿ ಪ್ರಕಟಿಸಿದ ಸೂತ್ರವಾದರೋ, ನಡುವಣ ಮೆಟ್ಟಿಲುಗಳನ್ನೇರದೆ ನೇರವಾಗಿ ಇನ್ನೂರಕ್ಕೇ ತಲುಪಿತು. ಅದರ ಎಂಟು ಪದಗಳನ್ನು ಕೂಡಿಸಿದಾಗ ಬಂದ ಉತ್ತರಕ್ಕೂ ನಿಜವಾದ ಸಂಖ್ಯೆಗೂ ಇದ್ದ ಅಂತರ ೦.೦೦೪ ಮಾತ್ರ.

ಆ ಕೋಷ್ಟಕದಲ್ಲಿಯೇ ರಾಮಾನುಜನ್ ಮತ್ತೊಂದು ಸೋಜಿಗವನ್ನು ಕಂಡರು. ನಾಲ್ಕರಲ್ಲಾಗಲಿ ಒಂಬತ್ತರಲ್ಲಾಗಲಿ ಕೊನೆಗೊಳ್ಳುವ ಸಂಖ್ಯೆಯನ್ನು ಗುಂಪುಮಾಡುವ ವಿಧಗಳು ಸದಾ ಐದರಿಂದ ಭಾಗವಾಗುತ್ತವೆ: ನಾಲ್ಕಕ್ಕೆ ೫, ಒಂಬತ್ತಕ್ಕೆ ೩೦, ಹದಿನಾಲ್ಕಕ್ಕೆ ೧೩೫. ಸ್ಲೇಟನ್ನು ಒರೆಸಿಬಿಡುತ್ತಿದ್ದ ಅದೇ ವ್ಯಕ್ತಿ ಈ ಸಾರಿ ಕಂಡುದನ್ನು ಹೇಳಿ ಸುಮ್ಮನಾಗದೆ, ಎಷ್ಟೇ ದೊಡ್ಡ ಸಂಖ್ಯೆಗೂ ಅದು ತಪ್ಪದೆಂದು ಸಾಧಿಸಿ ತೋರಿಸಿದರು.

ಅಷ್ಟರಲ್ಲಿ ದೇಹ ಸೋತಿತ್ತು. ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಾಗಲೂ ಅವರು ಅಸ್ವಸ್ಥರೇ. ಮರುವರ್ಷ ತಾಯ್ನಾಡಿಗೆ ಮರಳಿ, ೧೯೨೦ನೆಯ ಏಪ್ರಿಲ್ ೨೬ರಂದು ಮದರಾಸಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಹಾಸಿಗೆ ಹಿಡಿದ ಆ ಕಡೆಯ ವರ್ಷದಲ್ಲಿಯೂ ಬರೆಯುತ್ತಲೇ ಇದ್ದರು. ನೂರಕ್ಕೂ ಮಿಕ್ಕ ಆ ಪುಟಗಳು ೧೯೭೬ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ದೊರೆತವು.