ಮೇಷ್ಟ್ರ ಕಿಸೆಯಿಂದ ನಡೆದ ಪತ್ರಿಕೆ

ಪುಣೆಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಕರ್ವೆ ರಸ್ತೆಯ ಟ್ರಾಫಿಕ್ಕಿನ ಬಗ್ಗೆ ಹೇಳಬೇಕಾಗಿಲ್ಲ. ಮುಂಬೈಯಲ್ಲಿ ಚರ್ಚ್‌ಗೇಟಿನಿಂದ ಮರೀನ್ ಲೈನ್ಸ್ ಕಡೆಗೆ ಹೋಗುವ ರಸ್ತೆಗೂ ಮಹರ್ಷಿ ಕರ್ವೆ ಅವರದೇ ಹೆಸರು. ಮಾಟುಂಗಾದ ನಮ್ಮವರ ಎಷ್ಟೋ ಹೆಣ್ಣುಮಕ್ಕಳು ಓದಿದ ಎಸ್‌ಎನ್‌ಡಿಟಿ ಅವರು ಕಟ್ಟಿದ್ದು. ನಾನು ಹೇಳಹೊರಟಿರುವುದು ಅವರ ಬಗ್ಗೆ ಅಲ್ಲ, ಅವರ ಹಿರಿಯ ಮಗ ರಘುನಾಥ ಧೋಂಡೋ ಕರ್ವೆ ಅವರ ಬಗ್ಗೆ. ಮರಾಠಿಗರಿಗೆ ಈ ಹೆಸರು ಗೊತ್ತು. ಅಮೋಲ್ ಪಾಲೇಕರ್ 2001ರಲ್ಲಿ ಅವರ ಮೇಲೆ ‘ಧ್ಯಾಸಪರ್ವ’ ಎಂಬ ಸಿನಿಮಾವನ್ನೇ ತೆಗೆದರು. ನಮ್ಮಲ್ಲಿ ಕೇಳಿದವರು ಕಡಿಮೆ.

ರಘುನಾಥರು ಹುಟ್ಟಿದ್ದು 1882ರ ಜನವರಿ 14ರಂದು, ಕೊಂಕಣದ ಮುರುಡ್‌ನಲ್ಲಿ. ಒಂಬತ್ತು ವರ್ಷದವರಿದ್ದಾಗ ತಾಯಿ ರಾಧಾಬಾಯಿ ತೀರಿಕೊಂಡರು. ಎರಡು ವರ್ಷಗಳ ನಂತರ, 1893ರಲ್ಲಿ, ತಂದೆ ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಆ ಕಾಲದ ಚಿತ್ಪಾವನ ಬ್ರಾಹ್ಮಣರಲ್ಲಿ ಇದಕ್ಕೆ ಸಿಕ್ಕ ಉತ್ತರ ಬಹಿಷ್ಕಾರ. ಊರು ಬೆನ್ನು ತಿರುಗಿಸಿದರೂ ಬದುಕಬಹುದು ಎಂಬುದನ್ನು ಹುಡುಗ ಮನೆಯಲ್ಲೇ ಕಂಡಿದ್ದ.

ಓದಿನಲ್ಲಿ ಬಹಳ ಜಾಣ. 1899ರ ಮೆಟ್ರಿಕ್ಯುಲೇಶನ್‌ನಲ್ಲಿ ಮೊದಲ ಸ್ಥಾನ, ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ., ಆಮೇಲೆ ಗಣಿತದ ಮೇಷ್ಟ್ರ ಕೆಲಸ. ಪ್ಯಾರಿಸ್ಸಿಗೂ ಹೋಗಿ ಗಣಿತ ಓದಿ ಬಂದರು. ಮುಂಬೈಯ ವಿಲ್ಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತೆಪ್ಪಗೆ ಪಾಠ ಹೇಳಿಕೊಂಡಿದ್ದರೆ ಪಿಂಚಣಿಯವರೆಗೆ ಚೆನ್ನಾಗಿಯೇ ಬಾಳಬಹುದಾಗಿತ್ತು.

ಅವರು ಮಾಡಿದ್ದು ಬೇರೆ. 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವೊಂದನ್ನು ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಇಂಥದೇ ಕ್ಲಿನಿಕ್ ತೆರೆದದ್ದೂ ಅದೇ ವರ್ಷ. ಭಾರತದಲ್ಲಿ ಇದು ಮೊದಲನೆಯದು. ವರ್ಷಕ್ಕೊಂದು ಹೆರಿಗೆ ಎಂದು ಸೊರಗಿಹೋಗುತ್ತಿದ್ದ ಹೆಣ್ಣಿಗೆ ಬೇಡವಾದ ಬಸಿರನ್ನು ತಡೆಯುವ ದಾರಿ ಉಂಟು, ಆ ದಾರಿ ಯಾವುದೆಂದು ತಿಳಿಯುವ ಹಕ್ಕು ಅವಳಿಗೆ ಉಂಟು, ಇಷ್ಟೇ ಅವರ ವಾದ. 1923ರಲ್ಲಿ ಸಂತಾನ ನಿಯಂತ್ರಣದ ಮೇಲೆ ಮರಾಠಿಯಲ್ಲಿ ಪುಸ್ತಕ ಬರೆದರು. ಗುಪ್ತರೋಗಗಳಿಂದ ಪಾರಾಗುವುದು ಹೇಗೆ ಎಂಬುದರ ಮೇಲೂ ಬರೆದರು. ವಿಲ್ಸನ್ ಮಿಷನರಿಗಳ ಕಾಲೇಜು. ಇಂಥ ವಿಷಯವನ್ನು ಬಹಿರಂಗವಾಗಿ ಮಾತಾಡುವ ಮೇಷ್ಟ್ರು ಅವರಿಗೆ ಬೇಡವಾದರು. ರಾಜೀನಾಮೆ ಕೊಡಿ ಎಂದರು, ಇವರು ಕೊಟ್ಟರು.

ಸಂಬಳ ನಿಂತ ಮೇಲೆ ಯಾರಾದರೂ ಖರ್ಚು ಕಡಿಮೆ ಮಾಡುತ್ತಾರೆ. ಇವರು 1927ರ ಜುಲೈಯಲ್ಲಿ ‘ಸಮಾಜಸ್ವಾಸ್ಥ್ಯ’ ಎಂಬ ಮಾಸಪತ್ರಿಕೆ ಶುರುಮಾಡಿದರು. ಸಂಪಾದಕ, ಪ್ರಕಾಶಕ, ಮುಖ್ಯ ಬರಹಗಾರ ಎಲ್ಲ ಅವರೇ. ಚಂದಾದಾರರು ಬೆರಳೆಣಿಕೆ ಅಲ್ಲದಿದ್ದರೂ ಪತ್ರಿಕೆಯನ್ನು ಲಾಭದಲ್ಲಿ ನಡೆಸುವಷ್ಟು ಎಂದೂ ಇರಲಿಲ್ಲ. ದೊಡ್ಡ ದಾನಿ ಯಾರೂ ಬರಲಿಲ್ಲ. ಪತ್ನಿ ಮಾಲತಿ ಕಷ್ಟದ ದಿನಗಳಲ್ಲಿ ಜೊತೆಗೆ ನಿಂತರು. ಮಕ್ಕಳು ಬೇಡ ಎಂದು ದಂಪತಿ ತಾವೇ ನಿರ್ಧರಿಸಿದ್ದರು. ಊರಿಗೆ ಹೇಳಿದ್ದನ್ನು ಮನೆಯಲ್ಲಿ ಮಾಡಿದ ಸುಧಾರಕರು ನಮ್ಮಲ್ಲಿ ಎಷ್ಟು ಮಂದಿ?

ತಂದೆಗೂ ಮಗನಿಗೂ ಇದ್ದ ವ್ಯತ್ಯಾಸ ಈ ದುಡ್ಡಿನ ವಿಷಯದಲ್ಲಿ ಎದ್ದು ಕಾಣುತ್ತದೆ. ತಂದೆ ಜೋಳಿಗೆ ಹಿಡಿದು ಊರೂರು ತಿರುಗಿದರು, ಜನ ಕೊಟ್ಟರು. 1920ರಲ್ಲಿ ಸರ್ ವಿಠಲದಾಸ್ ಠಾಕರ್ಸಿ ತಮ್ಮ ತಾಯಿಯ ಹೆಸರಿನಲ್ಲಿ ಮಹಿಳಾ ವಿಶ್ವವಿದ್ಯಾಲಯಕ್ಕೆ 15 ಲಕ್ಷ ರೂಪಾಯಿ ಕೊಟ್ಟರು. ವಿಧವೆಗೆ ಅಕ್ಷರ ಕಲಿಸುವುದನ್ನು ಆರಂಭದಲ್ಲಿ ವಿರೋಧಿಸಿದವರೂ ಕಾಲ ಕಳೆದಂತೆ ಒಪ್ಪಿಕೊಂಡರು. ಅದೇ ಹೆಣ್ಣಿಗೆ ತನ್ನ ಮೈಯ ಬಗ್ಗೆ ತಿಳಿಸುತ್ತೇನೆ ಎಂದ ಮಗನಿಗೆ ಯಾವ ಶೇಠಜಿಯೂ ಚೆಕ್ ಬರೆಯಲಿಲ್ಲ. ಅಂಥ ಕೆಲಸಕ್ಕೆ ಯಾರು ತಾನೇ ತಾಯಿಯ ಹೆಸರಿಟ್ಟಾರು?

ಪತ್ರಿಕೆಯ ಜೀವ ಇದ್ದದ್ದು ಓದುಗರ ಪ್ರಶ್ನೆಗಳಲ್ಲಿ. ಗಂಡನನ್ನು, ಅತ್ತೆಯನ್ನು, ಊರಿನ ವೈದ್ಯರನ್ನು ಕೇಳಲಾಗದ್ದನ್ನು ಜನ ಕಾಗದದಲ್ಲಿ ಬರೆದು ಕಳಿಸುತ್ತಿದ್ದರು. ಕರ್ವೆ ಗಣಿತದ ಲೆಕ್ಕ ಬಿಡಿಸಿದ ಹಾಗೆ, ಸುತ್ತುಬಳಸದೆ, ನಾಚಿಸದೆ, ಬೈಯದೆ ಉತ್ತರ ಬರೆಯುತ್ತಿದ್ದರು. ಮುಖಪುಟದಲ್ಲಿ ನಗ್ನ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು, ದೇಹದಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂಬ ಹಟದಿಂದ. ಈ ಹಟ ಪತ್ರಿಕೆಗೆ ಒಳ್ಳೆಯದು ಮಾಡಿತು ಎಂದು ನನಗೆ ಅನ್ನಿಸುವುದಿಲ್ಲ. ಒಳಗಿನ ಮಾತು ಬೇಕಾದವರೂ ಅಂಥ ಹೊದಿಕೆಯ ಪತ್ರಿಕೆಯನ್ನು ಮನೆಗೆ ತರಿಸಿಕೊಳ್ಳಲು ಅಂಜಿದ್ದಿರಬೇಕು. ಆದರೆ ರಾಜಿ ಎಂಬುದು ಆ ಮನುಷ್ಯನ ಜಾಯಮಾನದಲ್ಲಿರಲಿಲ್ಲ.

1931ರಲ್ಲಿ ಅಶ್ಲೀಲತೆಯ ಮೊದಲ ಕೇಸು ಬಿತ್ತು, ಒಂದು ಲೇಖನಕ್ಕಾಗಿ. 100 ರೂಪಾಯಿ ದಂಡ. 1934ರಲ್ಲಿ ಎರಡನೆಯದು, ಈ ಬಾರಿ ಓದುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳ ಮೇಲೆ. ಕರ್ವೆ ಪರ ವಾದಿಸಿದ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ಆಗ ಅವರ ಕೈತುಂಬ ಅಸ್ಪೃಶ್ಯರ ಹೋರಾಟವಿತ್ತು, ಊರೆಲ್ಲ ಬೈಯುವ ಇಂಥ ಕೇಸನ್ನು ಮೈಮೇಲೆ ಎಳೆದುಕೊಳ್ಳಬೇಕಾದ ಅಗತ್ಯ ಇರಲಿಲ್ಲ. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗುವುದಿಲ್ಲ, ಜನ ಕೇಳಿದ ಪ್ರಶ್ನೆಗೆ ತಿಳಿದವರು ಉತ್ತರಿಸಲೇಬೇಕು, ತಪ್ಪು ತಿಳಿವಳಿಕೆ ಹೋಗುವುದು ಸರಿಯಾದ ಅರಿವಿನಿಂದಲೇ ಎಂಬ ದಾರಿಯಲ್ಲಿ ಅವರು ವಾದಿಸಿದರು. ಕೇಸು ಸೋತರು. ದಂಡ 200 ರೂಪಾಯಿ. ಲಾಭವಿಲ್ಲದ ಪತ್ರಿಕೆಗೆ ಆ ಕಾಲದ 200 ರೂಪಾಯಿ ಎಂದರೆ ಎಷ್ಟು ಎಂದು ಲೆಕ್ಕದ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದಿನ ಸಂಚಿಕೆ ಬಂತು.

ಇಲ್ಲಿ ನಮ್ಮ ಮೈಸೂರನ್ನು ನೆನೆಯಬೇಕು. ಮುಂಬೈಯಲ್ಲಿ ಒಬ್ಬ ಮನುಷ್ಯ ದಂಡ ಕಟ್ಟುವ ಸ್ಥಿತಿಯಿದ್ದ ದಿನಗಳಲ್ಲೇ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿಗೇ ಮೊದಲು ಎನ್ನುತ್ತಾರೆ. ಕೆಲಸ ಒಂದೇ. ಇಲ್ಲಿ ಖಜಾನೆ ಕೊಟ್ಟಿತು, ಅಲ್ಲಿ ಕಿಸೆ ಕೊಟ್ಟಿತು. ಮುಂಬೈ ಶಾಸನಸಭೆಯಲ್ಲಿ 1938ರಲ್ಲಿ ಅಂಬೇಡ್ಕರ್ ಅವರ ಪಕ್ಷ ಸಂತಾನ ನಿಯಂತ್ರಣದ ಪ್ರಚಾರಕ್ಕೆ ಸರ್ಕಾರ ಮುಂದಾಗಬೇಕೆಂದು ಪ್ರಸ್ತಾಪ ತಂದಾಗ ಅದು ಬಿದ್ದುಹೋಯಿತು.

ನನ್ನ ಕೆಲಸಕ್ಕೂ ಇದಕ್ಕೂ ಸಂಬಂಧವಿರುವುದರಿಂದ ಒಂದು ಮಾತು. ಮುಂಬೈಯ ಕಂಪನಿಯೊಂದರಲ್ಲಿ ಸಿಎಸ್‌ಆರ್ ಹಣಕ್ಕೆ ಬರುವ ಅರ್ಜಿಗಳನ್ನು ಓದುವುದು ನನ್ನ ಪಾಲಿನ ಕೆಲಸ. ಆಂಬ್ಯುಲೆನ್ಸ್, ಡಯಾಲಿಸಿಸ್ ಯಂತ್ರ, ಕಣ್ಣಿನ ಶಿಬಿರ ಎಂದರೆ ಸಭೆಯಲ್ಲಿ ಐದು ನಿಮಿಷಕ್ಕೆ ಒಪ್ಪಿಗೆ. ಅವುಗಳ ಮೇಲೆ ಹೆಸರು ಬರೆಸಬಹುದು, ಫೋಟೊ ತೆಗೆಸಬಹುದು. ಬಸ್ತಿಗಳ ಹುಡುಗಿಯರಿಗೆ ಗರ್ಭನಿರೋಧದ ಬಗ್ಗೆ, ಲೈಂಗಿಕ ರೋಗಗಳ ಬಗ್ಗೆ ಅವರ ಭಾಷೆಯಲ್ಲಿ ತಿಳಿಸುವ ಯೋಜನೆ ಬಂದರೆ ಎಲ್ಲರೂ ಫೋನ್ ನೋಡಿಕೊಳ್ಳುತ್ತಾರೆ. ಫಲಾನುಭವಿಗಳ ಹೆಸರು, ಫೋಟೊ ಕೇಳುವ ನಮ್ಮ ಫಾರ್ಮಿನಲ್ಲಿ, ಹೆಸರು ಹೇಳಲು ಹೆದರಿ ಕಾಗದ ಬರೆದ ಹೆಂಗಸನ್ನು ಯಾವ ಕಾಲಮಿಗೆ ಹಾಕುವುದು? ಕರ್ವೆ ಅರ್ಜಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿದ್ದರು.

ಅವರಿಗೆ ಬೆಂಬಲ ಸಿಕ್ಕೇ ಇರಲಿಲ್ಲ ಎಂದಲ್ಲ. ರ‍್ಯಾಂಗ್ಲರ್ ಪರಾಂಜಪೆ, ನಾಟಕಕಾರ ಮಾಮಾ ವರೇರಕರ್, ಇತಿಹಾಸಕಾರ ಸರದೇಸಾಯಿ ಅವರಂಥ ಕೆಲವರು ಜೊತೆಗಿದ್ದರು. ಪರಾಂಜಪೆಯವರ ಮಗಳು, ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಶಕುಂತಲಾ, ಈ ಕೆಲಸವನ್ನು ತಮ್ಮದನ್ನಾಗಿ ಮಾಡಿಕೊಂಡು ಹೆಂಗಸರಿಗೆ ನೇರವಾಗಿ ಸಲಹೆ ಕೊಡತೊಡಗಿದರು. ಮುಂದೆ 1964ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು ಇವರೇ. ಸಿನಿಮಾ ನಿರ್ದೇಶಕಿ ಸಯಿ ಪರಾಂಜಪೆ ಇವರ ಮಗಳು.

ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆಂದು 65 ಲಕ್ಷ ರೂಪಾಯಿ ತೆಗೆದಿಟ್ಟಿತು. 1952ರ ನವೆಂಬರಿನಲ್ಲಿ ದೇಶವಿದೇಶಗಳ ಪ್ರತಿನಿಧಿಗಳು ಮುಂಬೈಯಲ್ಲೇ ಸೇರಿ ಕುಟುಂಬ ಯೋಜನೆಯ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಅಷ್ಟು ಹೊತ್ತಿಗೆ ಕರ್ವೆಯವರಿಗೆ ಎಪ್ಪತ್ತು ದಾಟಿತ್ತು. ಅವರು ಆಗಲೂ ತಿಂಗಳ ಸಂಚಿಕೆ ಸಿದ್ಧಪಡಿಸುತ್ತಿದ್ದರು. ಮುಂದಿನ ವರ್ಷ, 1953ರ ಅಕ್ಟೋಬರ್ 14ರಂದು ತೀರಿಕೊಂಡರು. ತೊಂಬತ್ತೈದರ ತಂದೆ ಇನ್ನೂ ಇದ್ದರು. ‘ಸಮಾಜಸ್ವಾಸ್ಥ್ಯ’ದ ನವೆಂಬರ್ ಸಂಚಿಕೆ ಹೊರಬಂತು, ಡಿಸೆಂಬರಿನದು ಬರಲಿಲ್ಲ.