ಕೆಜಿಎಫ್‌ಗೆ ಕರೆಂಟ್ ತಂದ ದಿವಾನರ ಇನ್ನೊಂದು ಕಾನೂನು

ಬಂಗಾರಪೇಟೆ: ಸರ್ ಕೆ. ಶೇಷಾದ್ರಿ ಅಯ್ಯರ್ ಅಂದ್ರೆ ಕೆಜಿಎಫ್ ಜನಕ್ಕೆ ಮೊದಲು ನೆನಪಾಗೋದು ಶಿವನಸಮುದ್ರದ ಕರೆಂಟು. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಕಾಲದಲ್ಲಿ ಬಂದ ಕಾನೂನು ಬಹಳ ಮಂದಿಗೆ ಗೊತ್ತಿಲ್ಲ.

1845ರಲ್ಲಿ ಪಾಲಕ್ಕಾಡ್ ಕಡೆ ಹುಟ್ಟಿದವರು. ಮದ್ರಾಸಿನಲ್ಲಿ ಓದಿ 1868ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ದಿವಾನರಾಗಿ, 18 ವರ್ಷ ಆ ಕುರ್ಚಿಯಲ್ಲಿದ್ದರು.

1890ರಲ್ಲಿ ಕಲ್ಕತ್ತೆಯಲ್ಲಿ ಹತ್ತು-ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗಂಡನ ಬಲಾತ್ಕಾರದಿಂದ ಸತ್ತಳು. ದೇಶವೆಲ್ಲ ಗದ್ದಲ ಆಯ್ತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲೂ ಬಾಲ್ಯವಿವಾಹದ ಮಾತು ಬಂತು. ಧರ್ಮದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು ಅಂತ ವಿರೋಧವೂ ಜೋರಾಗಿತ್ತು. ಆದರೂ 1894ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕಾನೂನು ಬಂದೇ ಬಂತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡೋ ಹಾಗಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನ ಕಟ್ಟಿಕೊಳ್ಳೋ ಹಾಗಿಲ್ಲ.

ಎಂಟು! ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ, ಒಪ್ಪಬೇಕು. ಒಂಬತ್ತು ವರ್ಷದವಳಿಗೆ ಮಾತ್ರ ಯಾರೂ ಇಲ್ಲ. ನಲವತ್ತೈದರ ಗಂಡಸು ಬಂದು ತಾಳಿ ಕಟ್ಟಿದರೂ ಈ ಕಾನೂನಿಗೆ ಅದು ತಪ್ಪಲ್ಲ. ಇನ್ನು ಹುಟ್ಟಿದ ತಾರೀಕಿನ ದಾಖಲೆ ಸರಿಯಾಗಿಲ್ಲದ ಊರುಗಳಲ್ಲಿ ವಯಸ್ಸು ಹೇಳೋರು ಅಪ್ಪ-ಅಮ್ಮ, ಜಾತಕ ಬರೆದವರು. ಮದುವೆ ಮಾಡಿಸೋರೂ ಅವರೇ. ತಪ್ಪು ಮಾಡಿದವರೇ ಸಾಕ್ಷಿ ಆದರೆ ದೂರು ಕೊಡೋರು ಯಾರು?

ಅದೇ 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಶುರುವಾಯ್ತು. ಆ ವರ್ಷದ ಕೊನೆಗೆ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. ದಿವಾನರ ಗಮನ ಆಮೇಲೆ ಪ್ಲೇಗು, ಕಾವೇರಿ ಕಡೆ ಹೋಯ್ತು. 1901ರ ಸೆಪ್ಟೆಂಬರ್‌ನಲ್ಲಿ ಅವರೂ ಹೋದರು. ಗಣಿಗೆ ಕರೆಂಟು ಬಂದದ್ದು 1902ರ ಜೂನ್‌ನಲ್ಲಿ. ಅದನ್ನ ಅವರು ಕಣ್ಣಾರೆ ನೋಡಲಿಲ್ಲ.

ಪಕ್ಕದ ಕುಪ್ಪಂ ಆಗ ಮದ್ರಾಸ್ ಪ್ರಾಂತ್ಯ. 1894ರಲ್ಲಿ ಅಲ್ಲಿ ಮದುವೆ ವಯಸ್ಸಿಗೆ ಕಾನೂನೇ ಇರಲಿಲ್ಲ, ಮೈಸೂರು ಸೀಮೆಯೇ ಮುಂದೆ. 1929ರಲ್ಲಿ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯರ ವಯಸ್ಸನ್ನ 14ಕ್ಕೆ ಏರಿಸಿದಾಗ ಲೆಕ್ಕ ಉಲ್ಟಾ ಆಯ್ತು. ಆ ಕಾಯ್ದೆ ಮೈಸೂರು ಸಂಸ್ಥಾನಕ್ಕೆ ಅನ್ವಯ ಆಗಲಿಲ್ಲ. ಕುಪ್ಪಂನಲ್ಲಿ 14, ಬಂಗಾರಪೇಟೆಯಲ್ಲಿ ದಿವಾನರ ಕಾಲದ ಅದೇ ಎಂಟು.